ಈ ಗೋಡೆ ಯಾರಿಗೆ ಬೇಕು

ಡ್ರೈವಿಂಗ್ ಸ್ಕೂಲಿನಲ್ಲಿ ಅವರನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಾರು ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಈ ಮೇಷ್ಟ್ರು ಕಾಲು ತೆಗೆದದ್ದನ್ನು ಕಂಡವರಿಲ್ಲ. ಎದುರಿಗೆ ಒಂದು ಖಾಲಿ ಪ್ಲಾಸ್ಟಿಕ್ ಚೀಲ ಹಾರಿ ಬಂದರೂ ಕಾರು ಗಕ್ಕನೆ ನಿಲ್ಲುತ್ತಿತ್ತು. ಕಲಿಯಲು ಬಂದವರು ಒಳಗೊಳಗೇ ಬೈದುಕೊಳ್ಳುತ್ತಿದ್ದರು. ಆದರೂ ಬೇರೆ ಮೇಷ್ಟ್ರ ಹತ್ತಿರ ಹೋಗುತ್ತಿರಲಿಲ್ಲ, ಯಾಕೆಂದರೆ ಇವರ ಕೈಯಲ್ಲಿ ಕಲಿತವರು ಯಾರೂ ಇನ್ನೂ ಎಲ್ಲೂ ಗುದ್ದಿರಲಿಲ್ಲ. ಮೆತ್ತಗಿನ ಮನುಷ್ಯ, ಯಾರ ಮೇಲೂ ದನಿಯೇರಿಸಿದವರಲ್ಲ. ಒಂದು ತೀರ್ಮಾನ ತೆಗೆದುಕೊಳ್ಳಿ ಎಂದರೆ ಮಾತ್ರ ಅವರಿಗೆ ಮೈಯಲ್ಲಿ ಚಳಿ ಹುಟ್ಟುತ್ತಿತ್ತು.

ಹಾಗಾಗಿ ವರ್ಷದ ಕೊನೆಯ ವಾರ ಬಂತೆಂದರೆ ಮೇಷ್ಟ್ರ ನೆಮ್ಮದಿ ಹಾರಿಹೋಗುತ್ತಿತ್ತು. ಆ ಮನೆಯಲ್ಲಿ ಒಂದು ಪದ್ಧತಿ. ಹೊಸ ವರ್ಷಕ್ಕೆ ಮನೆಗೊಂದು ಕೆಲಸ. ಒಂದೇ ಒಂದು, ಯಾಕೆಂದರೆ ಅವರ ಕೈಗೆ ಎಟುಕುತ್ತಿದ್ದದ್ದು ಅಷ್ಟೇ. ಒಂದು ವರ್ಷ ಬಚ್ಚಲಿನ ನೆಲ, ಒಂದು ವರ್ಷ ಕಿಟಕಿಗೆ ಸೊಳ್ಳೆ ಪರದೆ, ಹೀಗೆ. ಕೊನೆಯ ಭಾನುವಾರ ಎಲ್ಲರೂ ಟೀ ಹಿಡಿದು ಕೂತು ಮುಂದಿನ ವರ್ಷ ಯಾವುದು ಎಂದು ಮಾತಾಡಬೇಕು, ಮೇಷ್ಟ್ರು ತೀರ್ಮಾನ ಹೇಳಬೇಕು.

ಮನೆ ದೊಡ್ಡದೇನಲ್ಲ. ಸಾಲುಮನೆಗಳ ಬೀದಿಯಲ್ಲಿ ಕೊನೆಯದು. ಎರಡು ಕೋಣೆ, ಒಂದು ಹಾಲು, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ಒಂದು ಕೋಣೆ ಗಂಡ ಹೆಂಡತಿಯದು, ಇನ್ನೊಂದು ಕಾಲೇಜಿಗೆ ಹೋಗುವ ಮಗಳದು. ಹಾಲು ಅಕ್ಕನದು. ಅಕ್ಕ ಎಂದರೆ ಮೇಷ್ಟ್ರ ಒಡಹುಟ್ಟಿದವಳು, ಮದುವೆಯ ಗೋಜಿಗೆ ಹೋಗದವಳು, ಒಂದು ಶಿಶುವಿಹಾರದಲ್ಲಿ ಆಯಾ ಆಗಿ ಸಾವಿರಾರು ಮಕ್ಕಳ ಮೂಗು ಒರೆಸಿ ನಿವೃತ್ತಿಯಾದವಳು. ಎಲ್ಲರೂ ಮಲಗಿದ ಮೇಲೆ ಮಡಿಸುವ ಮಂಚವನ್ನು ಬಿಚ್ಚಿ ಮಲಗುತ್ತಿದ್ದಳು. ಎಲ್ಲರಿಗಿಂತ ಮುಂಚೆ ಎದ್ದು ಮಡಿಸಿ ಬಾಗಿಲ ಹಿಂದಕ್ಕೆ ನಿಲ್ಲಿಸುತ್ತಿದ್ದಳು. ಹಾಲು ಅಕ್ಕನದು ಎಂದೆನಲ್ಲ, ಹಗಲಿನಲ್ಲಿ ಅದು ಎಲ್ಲರದೂ ಆಗಿತ್ತು.

ಈ ಮನೆಯವರ ಮಾತಿನ ರೀತಿಯನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ತಲೆಬುಡ ಅರ್ಥವಾಗುವುದಿಲ್ಲ. ಆ ಮನೆಯಲ್ಲಿ ಯಾರೂ ತಮಗೆ ಬೇಕಾದದ್ದನ್ನು ತಮಗೆ ಬೇಕು ಎಂದು ಕೇಳುತ್ತಿರಲಿಲ್ಲ. ಇನ್ನೊಬ್ಬರ ಹೆಸರಲ್ಲಿ ಕೇಳುತ್ತಿದ್ದರು. ಇದು ಅಕ್ಕ ಕಲಿಸಿದ ವಿದ್ಯೆ. ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿಬಿಟ್ಟು ಈ ಇಬ್ಬರು ಮಕ್ಕಳು ಚಿಕ್ಕಪ್ಪನ ಮನೆ ಸೇರಿದ್ದರು. ಚಿಕ್ಕಮ್ಮ ಕೆಟ್ಟವಳೇನಲ್ಲ, ಆದರೆ ಬಾಯಿಬಿಟ್ಟು ಕೇಳುವ ಮಕ್ಕಳನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. "ಕೊಟ್ಟಾಗ ತಿನ್ನಬೇಕು, ಕೇಳಬಾರದು" ಎನ್ನುತ್ತಿದ್ದಳು. ಆಗ ಅಕ್ಕ ತಮ್ಮನನ್ನು ಮೂಲೆಗೆ ಕರೆದು ಗುಟ್ಟಾಗಿ ಹೇಳಿಕೊಟ್ಟಳು: "ನಿಂಗೆ ಹಸಿವಾದ್ರೆ ಅಕ್ಕನಿಗೆ ಹಸಿವು ಅನ್ನು. ನಂಗೆ ಹಸಿವಾದ್ರೆ ತಮ್ಮನಿಗೆ ಹಸಿವು ಅಂತೀನಿ. ಆಗ ನಮ್ಮನ್ನ ಆಸೆಬುರುಕರು ಅನ್ನಲ್ಲ." ಉಪಾಯ ಫಲಿಸಿತು. ಒಡಹುಟ್ಟಿದವರ ಮೇಲೆ ಎಷ್ಟು ಪ್ರೀತಿ ಎಂದು ನೆಂಟರೆಲ್ಲ ಕೊಂಡಾಡಿದರು. ಇಬ್ಬರಿಗೂ ಆ ಮಾತಿನ ಚಾಳಿ ಅಂಟಿಕೊಂಡುಬಿಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಹುಟ್ಟಿದ್ದಲ್ಲ, ಹಸಿವಿನಿಂದ ಕಲಿತದ್ದು. ಅದೂ ಹೋಗಲಿಲ್ಲ.

ಹೆಂಡತಿ ಬಂದದ್ದು ನೇರ ಮಾತಿನ ಮನೆಯಿಂದ. ಆಕೆ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸದಲ್ಲಿದ್ದಳು. ದಿನವಿಡೀ 'ಏನಾಗಿದೆ, ಎಲ್ಲಿ ನೋವು' ಎಂದು ಕೇಳಿ ಕೇಳಿ ಅಭ್ಯಾಸವಾದವಳು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ "ನಂಗೆ ಹಸಿವಾಗ್ತಿದೆ" ಎಂದಾಗ ಅಕ್ಕ ತಮ್ಮ ಇಬ್ಬರೂ ಆಕೆ ಏನೋ ಆಡಬಾರದ್ದನ್ನು ಆಡಿದಳೆಂಬಂತೆ ನೋಡಿದ್ದರಂತೆ. ಬರುಬರುತ್ತಾ ಆಕೆಯೂ ಈ ಮನೆಯ ವರಸೆ ಕಲಿತಳು. ಪೂರ್ತಿ ಕಲಿತಿದ್ದರೆ ಚೆನ್ನಾಗಿತ್ತು. ಅರ್ಧ ಕಲಿತಳು. ಒಂದು ದಿನ ನೇರ, ಒಂದು ದಿನ ಸುತ್ತುಬಳಸು. ಯಾವತ್ತು ಯಾವುದು ಎಂದು ತಿಳಿಯದೆ ಮೇಷ್ಟ್ರು ಪೇಚಾಡುತ್ತಿದ್ದರು. ಎರಡು ವರ್ಷದ ಹಿಂದೆ "ಮಗಳಿಗೆ ಪುಸ್ತಕ ಇಡೋಕೆ ಶೆಲ್ಫು ಬೇಕು" ಎಂದು ಅಕ್ಕ ಹೇಳಿದಳು. ಅಂದರೆ ಅಕ್ಕನಿಗೇ ಬೇಕು ಎಂದು ಲೆಕ್ಕ ಹಾಕಿದ ಮೇಷ್ಟ್ರು ಹಾಲಿನಲ್ಲಿ, ಅಕ್ಕನ ಮೊಣಕಾಲಿಗೆ ನೋವಾಗದಂತೆ ಸೊಂಟದ ಎತ್ತರಕ್ಕೆ, ಅಗಲವಾದ ಶೆಲ್ಫು ಹೊಡೆಸಿದರು. ಅವತ್ತು ಅಕ್ಕ ನಿಜವಾಗಿ ಮಗಳ ಪುಸ್ತಕದ ಬಗ್ಗೆಯೇ ಹೇಳಿದ್ದಳು. ಈಗ ಆ ಶೆಲ್ಫಿನ ಮೇಲೆ ಎಲ್ಲರ ಹೆಲ್ಮೆಟ್ಟು, ಕೊಡೆ, ಹಳೇ ಟಾರ್ಚು ಕೂತಿವೆ. ಮಗಳ ಪುಸ್ತಕಗಳು ಇವತ್ತಿಗೂ ನೆಲದ ಮೇಲೆ.

ಈ ವರ್ಷದ ಭಾನುವಾರ ಬಂತು. ಎಲ್ಲರೂ ಟೀ ಹಿಡಿದು ಕೂತರು.

ಮೊದಲು ಬಾಯಿ ತೆರೆದವಳು ಮಗಳು. "ಅಪ್ಪಂಗೆ ಇನ್ನೂ ಜೋರಾದ ಇಂಟರ್‌ನೆಟ್ ಬೇಕು" ಎಂದಳು. ಫೋನಿನಲ್ಲಿ ನಂಬರ್ ಒತ್ತುವುದಕ್ಕೂ ಕನ್ನಡಕ ಹುಡುಕುವ ಅಪ್ಪ. ಎಲ್ಲರೂ ಗೊಳ್ಳೆಂದು ನಕ್ಕರು, ಮಗಳೂ ನಕ್ಕಳು. ಅದರ ವಿಚಾರ ಅಲ್ಲಿಗೆ ಮುಗಿಯಿತು.

ಆಮೇಲೆ ಹೆಂಡತಿ ಲೋಟ ಕೆಳಗಿಟ್ಟು, "ಅಕ್ಕನಿಗೆ ಒಂದು ರೂಮು ಬೇಕು ರೀ. ಹಾಲಿನಲ್ಲಿ ಆ ಕಡೆ ಅಡ್ಡ ಗೋಡೆ ಎತ್ತಿಸಿ ಒಂದು ಬಾಗಿಲಿಟ್ಟರೆ ಆಯ್ತು" ಎಂದಳು.

ಮೇಷ್ಟ್ರ ಮುಖ ಇಳಿಯಿತು. ಅಕ್ಕನಿಗೆ ಬೇಕು ಎಂದು ಹೆಂಡತಿ ಹೇಳಿದರೆ, ಮನೆಯ ರೂಢಿಯಂತೆ ಬೇಕಾಗಿರುವುದು ಹೆಂಡತಿಗೆ. ಹೆಂಡತಿಗೆ ಗೋಡೆ ಯಾಕೆ? ಅಕ್ಕ ಕಣ್ಣಿಗೆ ಬೀಳಬಾರದು ಎಂದೇ? ಹೋದ ತಿಂಗಳು ಕ್ಲಿನಿಕ್ಕಿನವರು ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲೇ ನಿಂತಿದ್ದದ್ದು ನೆನಪಿಗೆ ಬಂತು. ತಾನಾಗಿ ಹೋಗಿ ನಿಂತಿದ್ದಳೋ, ಇವಳೇ ಕಳಿಸಿದ್ದಳೋ? ಇಷ್ಟು ವರ್ಷ ಒಟ್ಟಿಗೆ ಉಂಡವಳು ಇವಳು, ಇಂಥ ಯೋಚನೆ ಮಾಡುತ್ತಾಳೆಯೇ? ಮಾಡುವುದಿಲ್ಲ. ಹಾಗಾದರೆ ನೇರವಾಗಿ ಹೇಳಿದ್ದೇ? ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಏನೂ ಬರೆದಿರಲಿಲ್ಲ.

ಅಷ್ಟರಲ್ಲಿ ಅಕ್ಕ, "ರೂಮುಗೀಮು ಯಾಕೆ? ಪಾಪ ಇವಳು ಹೊಗೆ ಕುಡಿದು ಕೆಮ್ಮುತ್ತಾಳೆ. ಇವಳಿಗೆ ಅಡುಗೆಮನೆ ಕಿಟಕಿ ದೊಡ್ಡದು ಮಾಡಿಸೋ" ಎಂದಳು.

"ನಾನೆಲ್ಲಿ ಕೆಮ್ಮಿದೆ?" ಎಂದಳು ಹೆಂಡತಿ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೇಷ್ಟ್ರು ತಣ್ಣಗಾದ ಟೀಯನ್ನು ಕುಡಿದು, "ನೋಡೋಣ" ಎಂದರು. ಅವರ ಬದುಕಿನಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಅದು.

ಎರಡು ದಿನ ಬಿಟ್ಟು ಸಂಜೆ ಮನೆಗೆ ಬಂದಾಗ ಅಕ್ಕ ಬಟ್ಟೆ ಮಡಿಸುತ್ತಾ ಕೂತಿದ್ದಳು. ತಲೆಯೆತ್ತದೆ ಹೇಳಿದಳು: "ನನ್ನ ಜೊತೆ ಕೆಲಸ ಮಾಡ್ತಿದ್ದಳಲ್ಲ, ಆ ಆಯಾ, ಈಗ ಹೆಂಗಸರ ಹಾಸ್ಟೆಲ್ಲಿನಲ್ಲಿ ಇದ್ದಾಳೆ. ಪಕ್ಕದ ರೂಮು ಖಾಲಿ ಆಗಿದೆಯಂತೆ. ಪಾಪ, ಅವಳಿಗೆ ಜೊತೆ ಬೇಕಂತೆ."

ಮೇಷ್ಟ್ರು ಮನಸ್ಸಿನಲ್ಲೇ ಆ ಮಾತನ್ನು ತಿರುಗಿಸಿ ನೋಡಿದರು. ಅವಳಿಗೆ ಜೊತೆ ಬೇಕು ಎಂದರೆ ಅಕ್ಕನಿಗೇ ಅಲ್ಲಿಗೆ ಹೋಗಬೇಕು. ಅಂದರೆ ಅಕ್ಕನೂ ಹೆಂಡತಿಯ ಮಾತನ್ನು ಹಿಂದುಮುಂದಾಗಿಯೇ ಅರ್ಥಮಾಡಿಕೊಂಡಿದ್ದಾಳೆ, ನೊಂದುಕೊಂಡಿದ್ದಾಳೆ, ಹೊರಟಿದ್ದಾಳೆ. ಅಥವಾ ನಿಜವಾಗಿಯೂ ಆ ಗೆಳತಿಗೆ ಜೊತೆ ಬೇಕಿರಬಹುದು. ಅಥವಾ ಅಕ್ಕನಿಗೆ ಈ ಮನೆಯೇ ಸಾಕಾಗಿರಬಹುದು. ಕೊನೆಗೆ "ಅವಳು ಹುಷಾರಾಗಿದ್ದಾಳಾ?" ಎಂದು ಕೇಳಿದರು.

"ಹುಷಾರಾಗಿದ್ದಾಳೆ" ಎಂದಳು ಅಕ್ಕ.

ಮರುದಿನ ಕಾರು ಕಲಿಯಲು ಬಂದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ವೃತ್ತದ ಹತ್ತಿರ ಬಂದಾಗ ಮೇಷ್ಟ್ರು "ಎಡಕ್ಕೆ" ಎಂದು ಬಲಕ್ಕೆ ಕೈ ತೋರಿಸಿದರು.

"ಸರ್, ಬಾಯಲ್ಲಿ ಎಡ ಅಂತೀರಿ, ಕೈಯಲ್ಲಿ ಬಲ ತೋರಿಸ್ತೀರಿ. ಯಾವುದನ್ನ ನಂಬ್ಲಿ?"

"ನಿಮಗೆ ಎತ್ತ ಹೋಗ್ಬೇಕು ಅನ್ನಿಸ್ತಿದೆ?"

"ನಂಗೆ ಮನೆಗೆ ಹೋಗ್ಬೇಕು ಅನ್ನಿಸ್ತಿದೆ ಸರ್" ಎಂದರು ಆಕೆ. ಹಿಂದೆ ಒಂದು ಲಾರಿ ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿದ ಮೇಲೆ ಮೇಷ್ಟ್ರು ತಡೆಯಲಾರದೆ ಮನೆಯ ಸಂಗತಿಯನ್ನೆಲ್ಲ ಹೇಳಿಕೊಂಡರು. ಡಾಕ್ಟರಮ್ಮ ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದರು.

"ಇದೇನು ಮಹಾ ಸರ್. ಅಕ್ಕನಿಗೆ ಏನು ಬೇಕು ಅಂತ ಅಕ್ಕನ್ನೇ ಕೇಳಿಬಿಡಿ."

"ಕೇಳಿ ಏನು ಬಂತು? ನನ್ನ ಹೆಂಡತಿಗೆ ಏನು ಬೇಕು ಅಂತ ಹೇಳ್ತಾಳೆ."

"ಹಾಗಾದ್ರೆ ಹೆಂಡತಿನ ಕೇಳಿ."

"ಅವಳು ಅಕ್ಕನಿಗೆ ಏನು ಬೇಕು ಅಂತ ಹೇಳ್ತಾಳೆ. ಅದೇ ಈಗ ಆಗಿರೋದು."

ಡಾಕ್ಟರಮ್ಮ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರು. ಇಂಥ ಕೇಸು ಅವರ ಕುರ್ಚಿಗೆ ಬಂದಿರಲಿಲ್ಲ.

ಆ ದಿನ ಮನೆಗೆ ಹೋದವರು ಹೆಂಡತಿಯ ಬಳಿ ವಿಷಯ ತೆಗೆದರು. ತೆಗೆಯುವ ರೀತಿಯಾದರೂ ಎಂಥದ್ದು! "ಅಕ್ಕನಿಗೆ ಗೋಡೆ ಇಷ್ಟ ಇಲ್ಲ ಅನ್ಸುತ್ತೆ" ಎಂದರು. ಇಷ್ಟವಿಲ್ಲದಿದ್ದದ್ದು ತಮಗೆ.

"ಅಕ್ಕ ಹಾಗಂದ್ರಾ?"

"ಅನ್ನಲಿಲ್ಲ."

"ಮತ್ತೆ ನಿಮಗೆ ಹೇಗೆ ಗೊತ್ತು?"

"ಕಿಟಕಿ ಬೇಕು ಅಂದಳಲ್ಲ."

"ನಂಗೆ ಅಂತ ಅಂದ್ರು. ನಂಗೆ ಕಿಟಕಿ ಬೇಡ. ನೀವಿಬ್ಬರೂ ಸೇರಿ ನನ್ನ ತಲೆ ಕೆಡಿಸ್ತೀರಿ" ಎಂದ ಹೆಂಡತಿ ಅಲ್ಲಿಂದ ಎದ್ದೇ ಹೋದಳು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇದೆ. ಮೇಷ್ಟ್ರಿಗೆ ಮಾತೂ ಬರಲಿಲ್ಲ, ಜಗಳವಾಡುವ ಧೈರ್ಯವೂ ಬರಲಿಲ್ಲ. ಹೆಂಡತಿ ಮಾತ್ರ ಸುಮ್ಮನೆ ಕೂರಲಿಲ್ಲ. ಹೊಸ ವರ್ಷದ ದಿನ ಎಲ್ಲರಿಗೂ ರಜೆ, ಅಳತೆ ನೋಡಿಕೊಂಡು ಹೋಗಲಿ ಎಂದು ಗಾರೆ ಮೇಸ್ತ್ರಿಗೆ ಹೇಳಿಕಳಿಸಿದಳು.

ಹೊಸ ವರ್ಷದ ಬೆಳಗ್ಗೆ ಮೇಷ್ಟ್ರು ಹಲ್ಲುಜ್ಜಿ ಬರುವ ಹೊತ್ತಿಗೆ ಅಕ್ಕ ಒಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ನಾಲ್ಕು ದಿನ ಅವಳ ಹತ್ರ ಇದ್ದು ಬರ್ತೀನಿ ಕಣೋ. ಅವಳಿಗೂ ಬೇಜಾರು ಕಳೆಯುತ್ತೆ."

ನಾಲ್ಕು ದಿನಕ್ಕೆ ಚಳಿಗಾಲದ ಬಟ್ಟೆ, ಬೇಸಿಗೆಯ ಬಟ್ಟೆ ಎರಡನ್ನೂ ಯಾರಾದರೂ ತೆಗೆದುಕೊಂಡು ಹೋಗುತ್ತಾರೆಯೇ? ಬೇಡ ಎನ್ನೋಣವೆಂದರೆ, ಹೋಗಬೇಕೆಂದು ಅವಳಿಗೇ ಆಸೆಯಿದ್ದರೆ? ಹೋಗು ಎನ್ನೋಣವೆಂದರೆ, ಹೊರಗೆ ಹಾಕಿದ ಎಂದುಕೊಂಡರೆ? ಅಷ್ಟರಲ್ಲಿ ಬಾಗಿಲಲ್ಲಿ ಮೇಸ್ತ್ರಿಯ ದನಿ ಕೇಳಿತು.

ಮೇಸ್ತ್ರಿ ಗಟ್ಟಿಮುಟ್ಟಾದ ಆಳು, ಕೆಲಸದಲ್ಲಿ ಚುರುಕು, ತಾಳ್ಮೆ ಸ್ವಲ್ಪ ಕಡಿಮೆ. ಟೇಪು ಬಿಟ್ಟು ಅಳೆದು, ಸೀಮೆಸುಣ್ಣದಲ್ಲಿ ಹಾಲಿನ ನೆಲದ ಮೇಲೆ ಒಂದು ಉದ್ದನೆಯ ಗೆರೆ ಎಳೆದ. ಗೆರೆಯ ಆ ಕಡೆ ಒಂದು ಮಂಚ, ಒಂದು ಕಪಾಟು ಹಿಡಿಸುವಷ್ಟು ಜಾಗ, ಒಂದು ಕಿಟಕಿ ಉಳಿಯಿತು.

"ಬಾಗಿಲು ಎಲ್ಲಿ ಬರ್ಲಿ?" ಎಂದ.

"ಅಕ್ಕನಿಗೆ ಹತ್ತಿರ ಆಗೋ ಹಾಗೆ ಈ ಕಡೆ ಇರ್ಲಿ" ಎಂದಳು ಹೆಂಡತಿ.

"ಇವಳಿಗೆ ಓಡಾಡೋಕೆ ಅಡ್ಡ ಆಗುತ್ತೆ, ಆ ಕಡೆ ಇರ್ಲಿ. ಇಲ್ಲದಿದ್ರೂ ಪರವಾಗಿಲ್ಲ" ಎಂದಳು ಅಕ್ಕ.

ಮೇಸ್ತ್ರಿ ಈ ಕಡೆ ಗುರುತು ಹಾಕಿದ, ಅಂಗಾಲಿನಲ್ಲಿ ಉಜ್ಜಿ ಅಳಿಸಿದ, ಆ ಕಡೆ ಹಾಕಿದ. ಮಗಳು ತನ್ನ ಕೋಣೆಯಿಂದ ಇಣುಕಿ, "ಅಪ್ಪಂಗೆ ಟಿವಿ ಕಾಣೋ ಹಾಗೆ ಮಧ್ಯದಲ್ಲಿ ಇಡಿ" ಎಂದಳು. ಮೇಸ್ತ್ರಿ ಅದನ್ನೂ ಅಳಿಸಿದ. ನೆಲ ಬೆಳ್ಳಗಾಯಿತು. ಆತ ಸೊಂಟದ ಮೇಲೆ ಕೈಯಿಟ್ಟು, "ಅಮ್ಮಾ, ಇದರೊಳಗೆ ಮಲಗೋರು ಯಾರು? ಅವರೊಬ್ಬರು ಹೇಳ್ಲಿ, ಸಾಕು" ಎಂದ.

ಆಗ ಮೇಷ್ಟ್ರಿಗೆ ಏನಾಯಿತೋ. ಒಂದು ವಾರದಿಂದ ಒಳಗೆ ಒತ್ತಿ ಹಿಡಿದದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಯಾರೂ ಮಲಗಲ್ಲ! ಗೋಡೆಯೂ ಬೇಡ, ಬಾಗಿಲೂ ಬೇಡ. ನಮ್ಮಕ್ಕನ್ನ ಗೋಡೆ ಹಿಂದೆ ಬಚ್ಚಿಡೋಕೆ ಯಾರಿಗಾದ್ರೂ ಆಸೆ ಇದ್ರೆ, ನಾನು ಸತ್ತ ಮೇಲೆ ಬಚ್ಚಿಡಿ!"

ಜೋರು ದನಿ ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಮೇಷ್ಟ್ರೇ. ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಬಚ್ಚಿಡೋಕಾ?" ಎಂದಳು. "ಅಕ್ಕ ದಿನಾ ಒದ್ದೆ ಬಚ್ಚಲಲ್ಲಿ ನಿಂತು ಬಟ್ಟೆ ಬದಲಾಯಿಸ್ತಾರೆ, ಅದನ್ನ ನೋಡಿ ನಾನು ರೂಮು ಅಂದೆ. ಜ್ವರ ಬಂದಾಗಲೂ ಎಲ್ಲರ ಎದುರು ಎದ್ದು ಕೂತಿರ್ತಾರೆ. ನೀವು ನನ್ನನ್ನ ಹೀಗೆ ತಿಳ್ಕೊಂಡಿದ್ದೀರಾ?" ಆಕೆಯ ಕಣ್ಣು ತುಂಬಿ ಬಂತು. ಆಕೆ ಒರೆಸಿಕೊಳ್ಳಲೂ ಇಲ್ಲ.

ಮೇಸ್ತ್ರಿ ಟೇಪನ್ನು ಸದ್ದಾಗದಂತೆ ಸುತ್ತಿಕೊಳ್ಳುತ್ತಾ ಬಾಗಿಲ ಕಡೆ ಸರಿದ.

"ನಂಗೆ ಬೇಕು" ಎಂದಳು ಅಕ್ಕ.

ಯಾರಿಗೂ ಅರ್ಥವಾಗಲಿಲ್ಲ. ಮೇಷ್ಟ್ರು ರೂಢಿಯಂತೆ ಹೆಂಡತಿಯ ಕಡೆ ನೋಡಿದರು.

"ಅವಳ ಕಡೆ ಯಾಕೋ ನೋಡ್ತೀಯ? ನಂಗೆ. ನಂಗೆ ಗೋಡೆ ಬೇಕು. ಬಾಗಿಲು ಈ ಕಡೆ ಬೇಕು. ಚಿಲಕ ಒಳಗಡೆ ಬೇಕು." ಹೇಳುವಾಗ ಅಕ್ಕನ ದನಿ ನಡುಗುತ್ತಿತ್ತು, ಬೇರೆಯವರ ಸಾಮಾನು ಎತ್ತಿಕೊಂಡು ಸಿಕ್ಕಿಬಿದ್ದವಳಂತೆ. "ಚಿಕ್ಕಪ್ಪನ ಮನೇಲಿ ಪಡಸಾಲೆಯಲ್ಲಿ ಮಲಗಿದೆ. ಶಿಶುವಿಹಾರದಲ್ಲಿ ಮಕ್ಕಳ ಮಧ್ಯೆ ಮಲಗಿದೆ. ಆಮೇಲೆ ನೀನು ನಾನು ಇದ್ದ ಆ ಒಂಟಿ ಬಾಡಿಗೆ ರೂಮು. ಈಗ ಇಲ್ಲಿ. ಒಂದು ದಿನ ಬಾಗಿಲು ಹಾಕ್ಕೊಂಡು, ಬೆಳಕು ಹರಿದ ಮೇಲೂ ಬಿದ್ಕೊಂಡಿರಬೇಕು ಅಂತ ಆಸೆ ಕಣೋ. ಅಷ್ಟೇ."

"ಹಾಸ್ಟೆಲ್ಲಿಗೆ ಹೊರಟಿದ್ದೆಯಲ್ಲ?" ಮೇಷ್ಟ್ರ ದನಿ ಈಗ ಮಗುವಿನದಾಗಿತ್ತು.

"ಮೊನ್ನೆ ಇವಳು ರೂಮು ಅಂದಾಗ ನಿನ್ನ ಮುಖ ನೋಡಿದೆ. ಇಳಿದುಹೋಗಿತ್ತು. ನಿಂಗೆ ಇಷ್ಟ ಇಲ್ಲ ಅಂದ್ಕೊಂಡೆ. ಇಲ್ಲಿ ಆಗಲ್ಲ ಅಂದ್ರೆ ಬಾಗಿಲಿರೋ ಕಡೆಗೆ ನಾನೇ ಹೋಗೋಣ ಅಂತ."

ಮೇಷ್ಟ್ರು ನಿಂತಲ್ಲೇ ಕೂತುಬಿಟ್ಟರು. ಅಕ್ಕ ಹೋಗಬಾರದೆಂದು ಇಷ್ಟು ದಿನ ನಿದ್ದೆಗೆಟ್ಟವರು ಅವರೇ, ಅವಳನ್ನು ಬಾಗಿಲವರೆಗೆ ತಳ್ಳಿದವರೂ ಅವರೇ. ಸಂಜೆ ಕೆಲಸದಿಂದ ಬಂದು ಬಾಗಿಲು ತಳ್ಳಿದ ಕೂಡಲೇ ಎದುರಿಗೆ ಅಕ್ಕ ಕೂತಿರಬೇಕು, "ಬಂದೆಯಾ" ಎನ್ನಬೇಕು. ಅದು ಅವರಿಗೆ ಬೇಕಾಗಿತ್ತು. ಅದನ್ನೇ ಅವರು ಅಕ್ಕನಿಗೆ ಬೇಕು ಎಂದು ಇಷ್ಟು ವರ್ಷ ನಂಬಿಕೊಂಡಿದ್ದರು. ನಾಚಿಕೆಯಾಯಿತು. ಹಗುರವೂ ಆಯಿತು. ಅದರ ಜೊತೆಗೆ, ಹೇಳಬಾರದು, ಸ್ವಲ್ಪ ಹೊಟ್ಟೆಯುರಿಯೂ ಆಯಿತು: ತಾನಿಲ್ಲದ ಒಂದು ಕೋಣೆಯನ್ನು ಅಕ್ಕ ಇಷ್ಟು ಆಸೆಪಟ್ಟಿದ್ದಳೇ? ಇವುಗಳಲ್ಲಿ ಯಾವುದು ಹೆಚ್ಚು ಎಂದು ಅವರಿಗೆ ತಿಳಿಯಲಿಲ್ಲ. ಹೆಂಡತಿಯ ಕಡೆ ತಿರುಗಿ, "ತಪ್ಪಾಯ್ತು" ಎಂದರು. ಆಕೆ, "ಆಯ್ತು, ಈಗ ಮೇಸ್ತ್ರಿಗೆ ಹೇಳಿ" ಎಂದಳು. ಮುನಿಸು ಇನ್ನೂ ಪೂರ್ತಿ ಇಳಿದಿರಲಿಲ್ಲ, ಇಳಿಯುವಂಥದ್ದೂ ಅಲ್ಲ.

ಮೇಸ್ತ್ರಿ ಈ ಕಡೆಯೇ ಬಾಗಿಲಿನ ಗುರುತು ಹಾಕಿ, ಮುಂದಿನ ವಾರ ಇಟ್ಟಿಗೆ ತರುತ್ತೇನೆಂದು ಹೇಳಿ ಹೋದ. ಹೋಗುವಾಗ, "ಗೆರೆ ತುಳಿದು ಅಳಿಸಬೇಡಿ" ಎಂದ. ಹೆಂಡತಿ ಅಡುಗೆಮನೆಗೆ ಹೋದಳು. ಮಗಳು ಅತ್ತೆಯ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಇಟ್ಟಳು.

ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರು ಹಾಲಿಗೆ ಬಂದರು. ಅಕ್ಕ ಗೆರೆಯ ಆ ಕಡೆ ಚಾಪೆ ಹಾಸಿಕೊಂಡು, ಕಾಲು ಚಾಚಿ ಮಲಗಿದ್ದಳು. ಹಾಡುಹಗಲಲ್ಲಿ ಅಕ್ಕ ಮಲಗಿದ್ದನ್ನು ಅವರು ನೋಡಿರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಗಾಬರಿಯಾಯಿತು. ಗೆರೆಯ ಹತ್ತಿರ ಬಂದು ತಡೆದು ನಿಂತರು. ದಾಟಬಹುದೇ? ಗೋಡೆ ಇನ್ನೂ ಇಲ್ಲ. ದಾಟಬಾರದೇ? ಅಕ್ಕ ಬೇಕೆಂದು ಕೇಳಿದ್ದಾಳೆ. ಅವರು ಸುತ್ತಿಬಳಸಿ ಮೇಸ್ತ್ರಿ ಬಾಗಿಲಿಗೆಂದು ಬಿಟ್ಟಿದ್ದ ಜಾಗಕ್ಕೆ ಬಂದರು.

"ಅಕ್ಕಾ, ಒಳಗೆ ಬರ್ಲಾ?"

ಅಕ್ಕ ಕಣ್ಣು ತೆರೆಯಲಿಲ್ಲ. ಯೋಚಿಸಿದಳು. ಯೋಚಿಸುತ್ತಿದ್ದಾಳೆ ಎಂದು ಅವಳ ಹುಬ್ಬಿನಲ್ಲೇ ಕಾಣುತ್ತಿತ್ತು.

"ಈಗ ಬೇಡ ಕಣೋ" ಎಂದಳು. "ಆಮೇಲೆ ಬಾ."

ಹುಟ್ಟಿದಾಗಿನಿಂದ ಅಕ್ಕ ಅವರಿಗೆ ಬೇಡ ಎಂದದ್ದು ಅದೇ ಮೊದಲು. ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆಗ್ಲಿ" ಎಂದು, ಇಲ್ಲದ ಬಾಗಿಲನ್ನು ಎಳೆದುಕೊಳ್ಳುವವರಂತೆ ಗಾಳಿಯಲ್ಲಿ ಕೈ ಆಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.